ನಮ್ಮ ಸಂತೆ ಯಾರದು?



ನಮ್ಮೂರಿನ ಬುಧವಾರದ ಸಂತೆ ನಡೆಯುವ ಮೈದಾನದಲ್ಲಿ, ರಸ್ತೆಗೆ ಮುಖಮಾಡಿದ ಭಾಗದಲ್ಲಿ, ಪಂಚಾಯಿತಿಯವರು ಸಾಲು ಮಳಿಗೆಗಳನ್ನು ಕಟ್ಟಿಸಬೇಕೆಂದಿರುವ ಸಂಗತಿ ನಿಮ್ಮಲ್ಲಿ ಕೆಲವರ ಕಿವಿಗೆ ಈಗಾಗಲೇ ಬಿದ್ದಿರಬಹುದು. ಊರಿನಲ್ಲಿ ಈ ಬಗ್ಗೆ ಎರಡು ಬಗೆಯ ಮಾತು ನಡೆದಿದೆ. ಮಳಿಗೆ ಬಂದರೆ ಊರು ಬೆಳೆಯುತ್ತದೆ, ಪಂಚಾಯಿತಿಗೆ ಬಾಡಿಗೆ ಬರುತ್ತದೆ ಎಂಬುದು ಒಂದು. ಸಂತೆಯ ಜಾಗ ಹಿರಿಯರು ಬಿಟ್ಟುಹೋದದ್ದು, ಅದನ್ನು ಯಾರೂ ಮುಟ್ಟಕೂಡದು ಎಂಬುದು ಇನ್ನೊಂದು. ಈ ಎರಡರಲ್ಲಿ ಯಾವುದೂ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಸಂತೆ ಸುಧಾರಿಸಬೇಕು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರಿಗಾಗಿ ಸುಧಾರಿಸಬೇಕು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳದೆ ಗಾರೆ ಕಲಸಲು ಹೊರಟರೆ, ಸಂತೆಯ ಹೆಸರು ಮಾತ್ರ ಉಳಿದು ಸಂತೆಯೇ ಇಲ್ಲವಾದೀತೆಂಬ ಭಯ ನನ್ನದು. ತಾನು ಬೆಳೆದದ್ದನ್ನು ತಾನೇ ಹೊತ್ತು ತಂದು ಮಾರುವ ಸಣ್ಣ ರೈತನಿಗೆ, ಅದರಲ್ಲೂ ರೈತ ಹೆಣ್ಣುಮಗಳಿಗೆ, ಸಂತೆಯಲ್ಲಿ ಮೊದಲ ಜಾಗ ಸಿಗಬೇಕು. ಉಳಿದ ಸುಧಾರಣೆಗಳೆಲ್ಲ ಅದರ ಹಿಂದೆ ಬರಬೇಕು. ನಾನು ಹೇಳಹೊರಟಿರುವುದು ಇಷ್ಟೇ. ಏಕೆ ಹಾಗೆ ಹೇಳುತ್ತಿದ್ದೇನೆಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂತೆಯೆಂಬುದು ನಮ್ಮ ನಾಡಿಗೆ ಹೊಸದಲ್ಲ. ಸಂತೇಬೆನ್ನೂರು, ಸಂತೇಮರಹಳ್ಳಿ ಮೊದಲಾದ ಊರುಗಳ ಹೆಸರಿನಲ್ಲಿಯೇ ಸಂತೆ ಕೂತಿದೆ. ನಮ್ಮ ಶಾಸನಗಳಲ್ಲಿ ಸಂತೆಯ ಮಾತೂ ಸುಂಕದ ಮಾತೂ ಮತ್ತೆ ಮತ್ತೆ ಬರುತ್ತವೆ. ವಾರಕ್ಕೊಂದು ದಿನ, ಗೊತ್ತಾದ ಜಾಗದಲ್ಲಿ, ಸುತ್ತಣ ಹತ್ತಾರು ಹಳ್ಳಿಗಳವರು ಸೇರುವ ಈ ಪದ್ಧತಿಯಲ್ಲಿ ಒಂದು ಜಾಣ್ಮೆಯಿದೆ. ಒಂದೇ ಹಳ್ಳಿಯ ಕೊಳ್ಳುವವರನ್ನು ನಂಬಿ ದಿನವೂ ಅಂಗಡಿ ತೆರೆದು ಕೂರುವಷ್ಟು ವ್ಯಾಪಾರ ಸಣ್ಣ ಊರಿನಲ್ಲಿ ಆಗುವುದಿಲ್ಲ. ಆರು ದಿನ ಹೊಲದಲ್ಲಿ ದುಡಿದು ಏಳನೆಯ ದಿನ ಮಾರುವುದಾದರೆ ಬೆಳೆಯುವವನೇ ಮಾರುವವನೂ ಆಗಬಹುದು. ಇವತ್ತು ಇಲ್ಲಿ, ನಾಳೆ ಪಕ್ಕದ ಹೋಬಳಿಯಲ್ಲಿ ಎಂಬ ವಾರದ ಸರದಿಯನ್ನು ನಮ್ಮ ಹಿರಿಯರು ಯಾವ ಕಚೇರಿಯ ಆಜ್ಞೆಗೂ ಕಾಯದೆ ತಾವೇ ಹೊಂದಿಸಿಕೊಂಡಿದ್ದರು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಸಂತೆಗಿದೆ. ಅತ್ಯಂತ ಕಡಿಮೆ ಪ್ರಮಾಣದ ಬೆಳೆಗೂ ಅಲ್ಲಿ ಬೆಲೆ ಸಿಗುತ್ತದೆ. ಹತ್ತು ಕಟ್ಟು ದಂಟಿನ ಸೊಪ್ಪನ್ನು, ಒಂದು ಮಂಕರಿ ಹೀರೆಕಾಯಿಯನ್ನು, ಹಿತ್ತಲಿನ ನುಗ್ಗೆಮರದ ಎರಡು ಕಟ್ಟು ಕಾಯಿಯನ್ನು ಹೊತ್ತು ನಗರದ ಮಂಡಿಗೆ ಹೋದರೆ ಅಲ್ಲಿ ಮಾತಾಡಿಸುವವರು ಯಾರು? ಮಂಡಿಗೆ ಮೂಟೆ ಬೇಕು, ಪೆಟ್ಟಿಗೆ ಬೇಕು, ಲೋಡು ಬೇಕು. ಸಂತೆಗೆ ಒಂದು ಗೋಣಿಚೀಲ ಹಾಸುವಷ್ಟು ನೆಲವಿದ್ದರೆ ಸಾಕು. ಎರಡು ಗುಂಟೆಯಲ್ಲಿ ಸೊಪ್ಪು ಬಿತ್ತಿದವಳೂ ಅಲ್ಲಿ ವ್ಯಾಪಾರಸ್ಥಳೇ. ನಮ್ಮ ದೇಶದ ರೈತರಲ್ಲಿ ಶೇಕಡಾ 86ಕ್ಕೂ ಹೆಚ್ಚು ಮಂದಿ ಸಣ್ಣ ಮತ್ತು ಅತಿಸಣ್ಣ ಹಿಡುವಳಿಯವರು ಎಂಬುದನ್ನು ನೆನೆದರೆ ಈ ಗುಣದ ಮಹತ್ವ ತಿಳಿದೀತು. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯಲ್ಲಿ 2004ರಿಂದ 2006ರವರೆಗೆ ಕೆಲಸಮಾಡಿದ ರಾಷ್ಟ್ರೀಯ ರೈತ ಆಯೋಗವು ರೈತನಿಗೆ 5 ಕಿಲೋಮೀಟರ್ ಸುತ್ತಳತೆಯೊಳಗೆ ಒಂದು ಮಾರುಕಟ್ಟೆ ಇರಬೇಕೆಂದು ಹೇಳಿತ್ತು. ದೊಡ್ಡ ನಿಯಂತ್ರಿತ ಮಾರುಕಟ್ಟೆಗಳನ್ನು ಅಷ್ಟು ಹತ್ತಿರಹತ್ತಿರ ಕಟ್ಟುವುದು ಸುಲಭವಲ್ಲ. ಆದರೆ ಸಂತೆಗಳು ಆಗಲೇ ಇವೆ. ಇರುವುದನ್ನು ಸರಿಯಾಗಿ ಇಟ್ಟುಕೊಂಡರೆ ಆಯೋಗದ ಮಾತಿನ ಬಹುಪಾಲು ಈಡೇರಿದಂತೆಯೇ.

ನಾವು ಉಣ್ಣುವ ಅನ್ನದ ಮಾತೂ ಇದರೊಳಗಿದೆ. ಹೊನಗೊನ್ನೆ, ಅಣ್ಣೆ, ಕನ್ನೆ ಮೊದಲಾದ ಸೊಪ್ಪುಗಳನ್ನು ನಗರದ ದೊಡ್ಡ ಅಂಗಡಿಗಳ ಗಾಜಿನ ಕಪಾಟಿನಲ್ಲಿ ನೀವು ಎಷ್ಟು ಸಲ ನೋಡಿದ್ದೀರಿ? ಚಳಿಗಾಲದ ಸೊಗಡಿನ ಅವರೆಕಾಯಿ, ಹಸಿ ತೊಗರಿಕಾಯಿ, ನಾಟಿ ಬದನೆ, ಹುರುಳಿ, ಅಲಸಂದೆ, ಸಾಮೆ ಇವೆಲ್ಲ ನಮ್ಮ ಮಳೆಗೂ ನಮ್ಮ ಕೆಂಪು ಮಣ್ಣಿಗೂ ಒಗ್ಗಿಕೊಂಡ ಬೆಳೆಗಳು. ಕೊಳ್ಳುವವರಿದ್ದರೆ ಬೆಳೆಯುವವರಿರುತ್ತಾರೆ, ಬೆಳೆಯುವವರಿದ್ದರೆ ಬೀಜ ಉಳಿಯುತ್ತದೆ. ಉಡುಪಿಯ ಮಟ್ಟುಗುಳ್ಳ ಬದನೆ, ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ ಇವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಸಂತೋಷದ ವಿಷಯ. ಆದರೆ ಹೆಸರು ಬಾರದ ನೂರಾರು ನಾಟಿ ತರಕಾರಿಗಳನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಯಾವ ಪ್ರಮಾಣಪತ್ರವೂ ಅಲ್ಲ. ವಾರವಾರ ಸಂತೆಗೆ ಬಂದು "ಈ ಸಲ ಸೊಗಡಿನ ಕಾಯಿ ಬಂತೇನಮ್ಮ?" ಎಂದು ಕೇಳುವ ಗಿರಾಕಿಯೇ ಅವನ್ನು ಉಳಿಸಿದ್ದು. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸಾರಿದ್ದು ದೊಡ್ಡ ಸಭೆಗಳಲ್ಲಾದರೂ ಅದು ನಡೆಯಬೇಕಾದದ್ದು ಇಂಥ ಸಂತೆಗಳಲ್ಲಿ.

ಈಗ ನಮ್ಮ ಸಂತೆಯ ಸ್ಥಿತಿಯನ್ನು ನೋಡೋಣ. ಹೊರಗಿನಿಂದ ನೋಡಿದರೆ ಜನವೇನೂ ಕಡಿಮೆಯಾಗಿಲ್ಲ. ಟೆಂಪೊಗಳು ಹೆಚ್ಚಿವೆ, ಬಣ್ಣದ ಕೊಡೆಗಳು ಹೆಚ್ಚಿವೆ, ಮೈಕಿನಲ್ಲಿ ಕೂಗುವವರೂ ಬಂದಿದ್ದಾರೆ. ಆದರೆ ಒಂದು ಸುತ್ತು ನಿಧಾನವಾಗಿ ನಡೆದು "ಇದು ಎಲ್ಲಿಯದು?" ಎಂದು ಕೇಳಿಕೊಂಡು ಬಂದರೆ ಬೇರೆಯೇ ಚಿತ್ರ ಕಾಣುತ್ತದೆ. ಬಹುಪಾಲು ತರಕಾರಿ ಹಿಂದಿನ ರಾತ್ರಿ ನಗರದ ಮಂಡಿಯಲ್ಲಿ ಕೊಂಡು ತಂದದ್ದು. ನಮ್ಮ ಪಕ್ಕದ ಹಳ್ಳಿಯ ಟೊಮೇಟೊ ನಗರಕ್ಕೆ ಹೋಗಿ, ಎರಡು ಕೈ ಬದಲಾಗಿ, ಅದೇ ರಸ್ತೆಯಲ್ಲಿ ಹಿಂದಿರುಗಿ ಬಂದು ನಮ್ಮ ಚೀಲ ಸೇರುವುದುಂಟು. ತಾವು ಬೆಳೆದದ್ದನ್ನು ತಾವೇ ಮಾರುವವರು ಬೆರಳೆಣಿಕೆಯಷ್ಟು ಮಂದಿ. ಅವರೂ ಮೈದಾನದ ಒಳಗಿಲ್ಲ. ಚರಂಡಿಯ ಅಂಚಿನಲ್ಲೋ ಬಸ್ಸು ತಿರುಗುವ ಕಡೆಯಲ್ಲೋ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಾರೆ. ಸೊಪ್ಪಿಗೆ ನೀರು ಚಿಮುಕಿಸುತ್ತಾ ಬಸ್ಸಿನ ಧೂಳನ್ನು ಸೆರಗಿನಿಂದ ತಡೆಯುತ್ತಾ ಇರುವ ಆ ಹೆಣ್ಣುಮಕ್ಕಳಿಗಾಗಿಯೇ ಈ ಸಂತೆ ಹುಟ್ಟಿದ್ದು ಎಂದರೆ ಇಂದಿನ ಹುಡುಗರು ನಂಬಲಾರರು.

ಹೀಗೆ ಸುತ್ತಿ ಬರುವ ತರಕಾರಿಯಿಂದ ಯಾರಿಗೆ ಎಷ್ಟು ಸಿಗುತ್ತದೆಂಬುದಕ್ಕೆ ಲೆಕ್ಕವಿದೆ. 2024ರಲ್ಲಿ ರಿಸರ್ವ್ ಬ್ಯಾಂಕಿನ ವತಿಯಿಂದ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಕೊಳ್ಳುವವನು ಟೊಮೇಟೊಗೆ ಕೊಡುವ 100 ರೂಪಾಯಿಯಲ್ಲಿ ಬೆಳೆದವನ ಕೈ ಸೇರುವುದು ಸುಮಾರು 33, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದೆಲ್ಲ ದಲ್ಲಾಳಿಯ ಲೂಟಿ ಎಂದು ತಿಳಿಯಬೇಡಿ. ಸಾಗಣೆ, ಕೂಲಿ, ಕಮಿಷನ್, ಕೊಳೆತು ಹೋಗುವ ಭಾಗ ಎಲ್ಲವೂ ಅದರಲ್ಲಿವೆ. ಹಣ್ಣು ತರಕಾರಿಗಳಲ್ಲಿ, ಬೆಳೆಗೆ ತಕ್ಕಂತೆ, ಶೇಕಡಾ 4ರಿಂದ 16ರವರೆಗೆ ಕೊಯ್ಲಿನ ನಂತರ ಹಾಳಾಗುತ್ತದೆಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಯೊಂದು 2015ರಲ್ಲಿ ಲೆಕ್ಕಹಾಕಿತ್ತು. ದೂರ ಹೆಚ್ಚಿದಷ್ಟೂ, ಕೈ ಬದಲಾದಷ್ಟೂ ಈ ನಷ್ಟ ಹೆಚ್ಚು. ಪೇಟೆಯ ಮಿಲಿಯಗಟ್ಟಲೆ ಜನಕ್ಕೆ ತರಕಾರಿ ಒದಗಿಸಲು ಆ ಉದ್ದದ ದಾರಿ ಬೇಕೇ ಬೇಕು, ಒಪ್ಪಿದೆ. ಆದರೆ ನಾಲ್ಕು ಮೈಲಿ ದೂರದ ಹೊಲದಿಂದ ನಮ್ಮ ಮನೆಯ ಒಲೆಗೆ ಬರಬೇಕಾದ ಬದನೆಕಾಯಿಗೂ ಅದೇ ಪ್ರಯಾಣ ಏಕೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಂಡಿಯಿಂದ ಕೊಂಡು ತಂದು ಮಾರುವವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ರಾತ್ರಿ ಎರಡು ಗಂಟೆಗೆದ್ದು ಮಂಡಿಗೆ ಹೋಗಿ, ಸಾಲದ ಹಣದಲ್ಲಿ ಮಾಲು ಹಾಕಿಸಿಕೊಂಡು, ಸಂಜೆಯವರೆಗೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವ ಅವರ ಬದುಕೂ ಸುಖದ್ದಲ್ಲ. ನಮ್ಮಲ್ಲಿ ಬೆಳೆಯದ ಆಲೂಗಡ್ಡೆ, ಕ್ಯಾರೆಟ್ಟು, ಬೆಳ್ಳುಳ್ಳಿಗಳನ್ನು ಅವರು ತಾರದಿದ್ದರೆ ನಮ್ಮ ಅಡುಗೆಯೂ ನಡೆಯದು. ಅವರನ್ನು ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಗಾಡಿಯ ಬಲ, ಬಂಡವಾಳದ ಬಲ, ದನಿಯ ಬಲ ಇರುವವರು ಮುಂಚೆ ಬಂದು ಒಳ್ಳೆಯ ಜಾಗ ಹಿಡಿದರೆ, ತಲೆಹೊರೆಯಲ್ಲಿ ತಡವಾಗಿ ಬರುವವರಿಗೆ ಜಾಗ ಉಳಿಯುವುದಿಲ್ಲ. ಅದಕ್ಕೊಂದು ನಿಯಮ ಬೇಕು ಎನ್ನುತ್ತಿದ್ದೇನೆ. ತರಗತಿಯಲ್ಲಿ ಎತ್ತರದ ಹುಡುಗರನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದುದು ಅವರ ಮೇಲಿನ ಸಿಟ್ಟಿನಿಂದಲ್ಲ ಎಂಬುದು ನಿಮಗೆ ಗೊತ್ತಿದೆಯಷ್ಟೆ.

ಇನ್ನು ಸುಂಕದ ವಿಚಾರ. ಸಂತೆಯನ್ನು ನಡೆಸುವ, ಅದಕ್ಕೆ ಶುಲ್ಕ ಎತ್ತುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ವರ್ಷಕ್ಕೊಮ್ಮೆ ಹರಾಜು ಕೂಗಿ, ಹೆಚ್ಚು ಕೂಗಿದವನಿಗೆ ಸುಂಕ ಎತ್ತುವ ಹಕ್ಕನ್ನು ವಹಿಸಿಕೊಡುವುದು ನಮ್ಮ ಕಡೆ ನಡೆದುಬಂದ ರೂಢಿ. ಪಂಚಾಯಿತಿಗೆ ಇದರಿಂದ ಅನುಕೂಲವುಂಟು. ಹಣ ಮೊದಲೇ ಗೊತ್ತಾಗುತ್ತದೆ, ವಸೂಲಿಯ ತಾಪತ್ರಯವಿಲ್ಲ. ಆದರೆ ಹಕ್ಕು ಹಿಡಿದವನಿಗೆ ಇರುವುದು ಒಂದೇ ಚಿಂತೆ: ಕೊಟ್ಟ ಹಣ ಹೊರಡಬೇಕು, ಮೇಲೆ ನಾಲ್ಕು ಕಾಸು ಉಳಿಯಬೇಕು. ಸಂತೆಯಲ್ಲಿ ನೀರಿದೆಯೆ, ನೆರಳಿದೆಯೆ, ಬರುವ ವರ್ಷ ರೈತರು ಬರುತ್ತಾರೆಯೆ ಎಂಬುದು ಅವನ ಲೆಕ್ಕದಲ್ಲಿ ಸೇರುವುದಿಲ್ಲ. ಸೇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ನಿಮಗೆ ಶೇಕಡಾ ಲೆಕ್ಕ ಹೇಳಿಕೊಟ್ಟವನು ನಾನು. ಆದ್ದರಿಂದ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಒಬ್ಬಾಕೆ 20 ಕಟ್ಟು ಸೊಪ್ಪು ತಂದಿದ್ದಾಳೆನ್ನಿ. ಕಟ್ಟಿಗೆ 10 ರೂಪಾಯಿಯಂತೆ ಎಲ್ಲವೂ ಮಾರಿಹೋದರೆ 200 ರೂಪಾಯಿ. ಸುಂಕ 20 ರೂಪಾಯಿ ಎಂದಿಟ್ಟುಕೊಂಡರೆ ಅದು ಅವಳ ಒಟ್ಟು ವ್ಯಾಪಾರದ ಶೇಕಡಾ 10. ಪಕ್ಕದಲ್ಲಿ ಟೆಂಪೊ ತುಂಬ ಮಾಲು ತಂದವನ ವ್ಯಾಪಾರ 20,000 ರೂಪಾಯಿ, ಅವನು ಕೊಡುವ ಸುಂಕ 100 ರೂಪಾಯಿ ಎನ್ನಿ. ಅವನ ಪಾಲಿಗೆ ಅದು ಶೇಕಡಾ ಅರ್ಧ. ನೋಟು ನೋಡಿದರೆ ಅವನು ಐದು ಪಟ್ಟು ಹೆಚ್ಚು ಕೊಟ್ಟಂತೆ ಕಾಣುತ್ತದೆ. ಶೇಕಡಾ ನೋಡಿದರೆ ಅವಳು ಇಪ್ಪತ್ತು ಪಟ್ಟು ಹೆಚ್ಚು ಕೊಟ್ಟಿದ್ದಾಳೆ. ಅಂಕಿಗಳನ್ನು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ನಿಮ್ಮ ನಿಮ್ಮ ಊರಿನ ಅಂಕಿಗಳನ್ನು ಹಾಕಿ ನೋಡಿ. ಉತ್ತರದ ದಿಕ್ಕು ಬದಲಾಗಲಾರದು. ಇಷ್ಟಾದ ಮೇಲೂ ಆಕೆಗೆ ಚೀಟಿ ಸಿಗುತ್ತದೆಯೆ ಎಂದು ಕೇಳಿದರೆ ಅನೇಕ ಸಲ ಇಲ್ಲ. ದರದ ಫಲಕ ಎಲ್ಲಿದೆ ಎಂದರೆ ಅದೂ ಇಲ್ಲ.

ನಾವು ಮಾತ್ರ ಈ ಪ್ರಶ್ನೆಯನ್ನು ಎದುರಿಸುತ್ತಿಲ್ಲ. ಬೇರೆ ರಾಜ್ಯಗಳು ಪ್ರಯತ್ನ ಮಾಡಿ ನೋಡಿವೆ. ಪಂಜಾಬಿನಲ್ಲಿ 1987ರಲ್ಲಿ "ಅಪ್ನೀ ಮಂಡಿ" ಆರಂಭವಾಯಿತು. ಆಂಧ್ರಪ್ರದೇಶದಲ್ಲಿ 1999ರ ಜನವರಿ 26ರಂದು "ರೈತು ಬಜಾರ್"ಗಳು ಶುರುವಾದವು. ಅದೇ ವರ್ಷದ ನವೆಂಬರ್ 14ರಂದು ತಮಿಳುನಾಡಿನ ಮಧುರೆಯಲ್ಲಿ ಮೊದಲ "ಉಳವರ್ ಸಂದೈ" ತೆರೆಯಿತು. ಹೆಸರು ಬೇರೆಯಾದರೂ ತಿರುಳು ಒಂದೇ: ಬೆಳೆದವನು ನೇರವಾಗಿ ತಿನ್ನುವವನಿಗೆ ಮಾರಬೇಕು. ತಮಿಳುನಾಡಿನಲ್ಲಿ ರೈತರಿಗೆ ಗುರುತಿನ ಚೀಟಿ ಕೊಟ್ಟರು, ತಕ್ಕಡಿಯನ್ನು ಸಂತೆಯಲ್ಲಿಯೇ ಒದಗಿಸಿದರು, ಬೆಳಿಗ್ಗೆ ಬೆಲೆಗಳನ್ನು ಗೊತ್ತುಮಾಡಿ ಫಲಕದಲ್ಲಿ ಬರೆದರು. ಬೆಲೆ ಮಂಡಿಯ ಸಗಟು ದರಕ್ಕಿಂತ ಮೇಲೆ, ಪೇಟೆಯ ಚಿಲ್ಲರೆ ದರಕ್ಕಿಂತ ಕೆಳಗೆ ಇರುವಂತೆ ನೋಡಿಕೊಂಡರು. ಕೊಳ್ಳುವವನಿಗೂ ಲಾಭ, ಬೆಳೆದವನಿಗೂ ಲಾಭ. ನಮ್ಮ ರಾಜ್ಯವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1959ರಲ್ಲಿಯೇ ಡಾ. ಎಂ. ಎಚ್. ಮರಿಗೌಡರ ಮುಂದಾಳ್ತನದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡರು. ಮುಂದೆ ಹಾಪ್‌ಕಾಮ್ಸ್ ಎಂದು ಮನೆಮಾತಾದದ್ದು ಅದೇ ಸಂಸ್ಥೆ. ಆದರೆ ಅದರ ಅಂಗಡಿಗಳು ಹೆಚ್ಚಾಗಿ ಪೇಟೆಯ ಬೀದಿಗಳಿಗೆ ಸಲ್ಲುವಂಥವು. ಹೋಬಳಿಯ ಸಂತೆಯ ಕೆಲಸವನ್ನು ಸಂತೆಯೇ ಮಾಡಬೇಕು.

ಆ ರಾಜ್ಯಗಳಲ್ಲಿ ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಕೆಲವೆಡೆ ವ್ಯಾಪಾರಿಗಳೇ ರೈತರ ಹೆಸರಿನಲ್ಲಿ ಒಳಗೆ ಸೇರಿಕೊಂಡರೆಂಬ ದೂರುಗಳು ಬಂದವು. ಸರ್ಕಾರ ಬದಲಾದಾಗ ಉತ್ಸಾಹ ಇಳಿದದ್ದೂ ಉಂಟು. ಇದರಿಂದ ನಾವು ಕಲಿಯಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಯಾರು ನಿಜವಾಗಿ ಬೆಳೆದವರು ಎಂಬುದನ್ನು ದೂರದ ಕಚೇರಿಗಿಂತ ಊರಿನವರೇ ಚೆನ್ನಾಗಿ ಬಲ್ಲರು. ನಮ್ಮ ಸಂತೆಗೆ ಬರುವ ಹತ್ತಾರು ಹಳ್ಳಿಗಳಲ್ಲಿ ಯಾರ ಹೊಲದಲ್ಲಿ ಏನಿದೆ ಎಂಬುದು ಯಾರಿಗೆ ತಿಳಿಯದು? ಎರಡನೆಯದು, ಮೇಲಿನಿಂದ ಬಂದದ್ದು ಮೇಲಿನವರ ಮನಸ್ಸು ಬದಲಾದಾಗ ಸೊರಗುತ್ತದೆ. ಊರಿನವರು ತಮ್ಮದೆಂದುಕೊಂಡು ನಡೆಸಿದ್ದು ಹೆಚ್ಚು ಕಾಲ ಬಾಳುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ನನ್ನ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮೈದಾನದ ನಡುವಿನಲ್ಲಿ, ಜನ ಹೆಚ್ಚು ಓಡಾಡುವ ಕಡೆಯಲ್ಲಿ, ಬೆಳೆಗಾರರಿಗೆಂದೇ ಒಂದು ಸಾಲನ್ನು ಗೊತ್ತುಮಾಡಬೇಕು. ಸುಣ್ಣದ ಗೆರೆ ಎಳೆದರೂ ಸಾಕು. ಬೆಳಿಗ್ಗೆ ಎಷ್ಟೇ ಹೊತ್ತಾಗಿ ಬಂದರೂ ಆ ಸಾಲು ಅವರಿಗಾಗಿ ಕಾದಿರಬೇಕು. ಯಾರು ಬೆಳೆಗಾರರೆಂಬುದನ್ನು ಆಯಾ ಹಳ್ಳಿಯ ಸ್ತ್ರೀಶಕ್ತಿ ಸಂಘ ಅಥವಾ ಹಾಲಿನ ಸಂಘದವರು ಹೇಳಿದರೆ ಸಾಕು. ಇದಕ್ಕೆ ಹತ್ತು ದಾಖಲೆ ಕೇಳುವುದು ಬೇಡ. ಪಹಣಿ ಗಂಡನ ಹೆಸರಿನಲ್ಲಿರುತ್ತದೆ, ಸೊಪ್ಪು ಬೆಳೆಯುವವಳು ಹೆಂಡತಿ. ಪಹಣಿ ತಂದವರಿಗೆ ಮಾತ್ರ ಜಾಗ ಎಂದರೆ ನಿಜವಾದ ಬೆಳೆಗಾರ್ತಿಯೇ ಹೊರಗುಳಿಯುತ್ತಾಳೆ.

ಎರಡನೆಯದಾಗಿ, ತಲೆಹೊರೆಯಲ್ಲಿ ಅಥವಾ ಸೈಕಲ್ಲಿನಲ್ಲಿ ತಂದ ಸ್ವಂತ ಬೆಳೆಗೆ ಸುಂಕವೇ ಬೇಡ. ಉಳಿದವರ ಸುಂಕ ಮಾಲಿನ ಪ್ರಮಾಣಕ್ಕೆ ತಕ್ಕಂತಿರಲಿ. ದರಗಳನ್ನು ದೊಡ್ಡ ಅಕ್ಷರಗಳಲ್ಲಿ ಫಲಕದ ಮೇಲೆ ಬರೆಸಲಿ, ಕೊಟ್ಟ ಪ್ರತಿ ರೂಪಾಯಿಗೂ ಚೀಟಿ ಕೊಡಲಿ. ಹರಾಜು ಬಿಡಲಾಗದಿದ್ದರೆ ಈ ನಿಯಮಗಳನ್ನು ಹರಾಜಿನ ಷರತ್ತಿನಲ್ಲಿಯೇ ಸೇರಿಸಲಿ. "ಪಂಚಾಯಿತಿಗೆ ನಷ್ಟವಾಗುವುದಿಲ್ಲವೆ?" ಎಂದು ನೀವು ಕೇಳಬಹುದು. ಸ್ವಲ್ಪ ಆದೀತು. ಆದರೆ ಒಟ್ಟು ಸುಂಕದಲ್ಲಿ ಸೊಪ್ಪಿನ ಮಂಕರಿಗಳಿಂದ ಬರುವುದೆಷ್ಟು, ಟೆಂಪೊಗಳಿಂದ ಬರುವುದೆಷ್ಟು ಎಂದು ಪಂಚಾಯಿತಿ ಒಂದು ಬುಧವಾರ ಬರೆದಿಟ್ಟು ನೋಡಲಿ. ಬೆಳೆದವರು ಹೆಚ್ಚು ಬಂದರೆ ಕೊಳ್ಳುವವರೂ ಹೆಚ್ಚು ಬರುತ್ತಾರೆ, ಸಂತೆ ತುಂಬಿದರೆ ಸುಂಕವೂ ತುಂಬುತ್ತದೆ.

ಮೂರನೆಯದಾಗಿ, ನೆರಳು, ನೀರು, ಶೌಚಾಲಯ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟ ಹೆಣ್ಣುಮಗಳು ಸಂಜೆ ಆರರವರೆಗೆ ಕೂರಬೇಕು. ಶೌಚಾಲಯವಿಲ್ಲವೆಂದು ನೀರನ್ನೇ ಕುಡಿಯದೆ ಕೂರುವವರನ್ನು ನಾನು ಬಲ್ಲೆ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಊರಿಗೆ ಬೇರೆ ಬೇಕೆ? ನೆರಳಿಗೆ ಲಕ್ಷಾಂತರ ರೂಪಾಯಿಯ ತಗಡಿನ ಚಾವಣಿಯೇ ಆಗಬೇಕೆಂದಿಲ್ಲ. ಈ ಮಳೆಗಾಲದಲ್ಲಿ ಹೊಂಗೆ, ಬೇವುಗಳ ಸಸಿಗಳನ್ನು ಎರಡು ಸಾಲು ನೆಟ್ಟರೆ ಕೆಲವೇ ವರ್ಷಗಳಲ್ಲಿ ನೆರಳಾಗುತ್ತದೆ. ತಗಡಿನ ಕೆಳಗೆ ಸೊಪ್ಪು ಬೇಯುತ್ತದೆ, ಹೊಂಗೆಯ ಕೆಳಗೆ ತಣ್ಣಗಿರುತ್ತದೆ. ಉಳಿದ ತರಕಾರಿ ಬಾಡದಂತಿಡಲು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ಕರೆಂಟು ಬೇಡದ ತಂಪು ತೊಟ್ಟಿಯೊಂದನ್ನು ರೂಪಿಸಿದ್ದಾರೆ. ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಮೇಲೆ ಹುಲ್ಲಿನದೋ ಗೋಣಿಯದೋ ಮುಚ್ಚಳ. ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿದರಾಯಿತು. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗಿಗಿಂತ 10ರಿಂದ 15 ಡಿಗ್ರಿಯಷ್ಟು ಕಡಿಮೆಯಿರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಏಕೆ ಎಂದು ಶಾಲೆಯಲ್ಲಿ ಓದಿದ ಪಾಠವೇ ಇದು. ನಮ್ಮೂರಿನ ಗಾರೆ ಕೆಲಸದವರಿಗೆ ಅರ್ಧ ದಿನದ ಕೆಲಸ.

ನಾಲ್ಕನೆಯದಾಗಿ, ತೂಕ ಮತ್ತು ಹೊತ್ತು. ಸಂತೆಯಲ್ಲಿ ಮುದ್ರೆಯಾದ ಒಂದು ತಕ್ಕಡಿ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ. ಅನುಮಾನ ಬಂದವರು ಅಲ್ಲಿ ತೂಗಿ ನೋಡಲಿ. ಆ ತಕ್ಕಡಿ ಅಲ್ಲಿದೆ ಎಂಬುದೇ ಸಾಕು, ಉಳಿದ ತಕ್ಕಡಿಗಳು ತಾವಾಗಿಯೇ ಸರಿಹೋಗುತ್ತವೆ. ಸ್ವಂತ ತಕ್ಕಡಿಯಿಲ್ಲದೆ ಗುಡ್ಡೆ ಹಾಕಿ ಕಡಿಮೆಗೆ ಮಾರಿಹೋಗುವ ರೈತರಿಗೂ ಅದರಿಂದ ಉಪಕಾರ. ಹೊತ್ತಿನ ವಿಷಯವೆಂದರೆ, ಈಗ ಊರಿನಲ್ಲಿ ಸಂಬಳದ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿ ಬರುವವರು ಹೆಚ್ಚಿದ್ದಾರೆ. ಅವರು ಬಸ್ಸಿಳಿಯುವ ಹೊತ್ತಿಗೆ ಸಂತೆ ಕತ್ತಲಾಗಿರುತ್ತದೆ. ನಾಲ್ಕು ಒಳ್ಳೆಯ ದೀಪಗಳನ್ನು ಹಾಕಿಸಿದರೆ ಇನ್ನೊಂದು ಗಂಟೆಯ ವ್ಯಾಪಾರವಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿನ ಚಿಂತೆ ಕಡಿಮೆಯಾಗಿದೆ. ಕಡೆಯ ಬಸ್ಸು ಸಂತೆ ಮುಗಿದ ಮೇಲೆ ಹೊರಡುವಂತೆ ಡಿಪೋದವರನ್ನು ಕೇಳಿಕೊಂಡರೆ ಆಯಿತು.

ಐದನೆಯದಾಗಿ, ಖಾತ್ರಿಯಾಗಿ ಕೊಳ್ಳುವವರು ಬೇಕು. ನಮ್ಮೂರಿನಲ್ಲಿಯೇ ಶಾಲೆಗಳ ಬಿಸಿಯೂಟವಿದೆ, ಅಂಗನವಾಡಿಗಳಿವೆ, ವಿದ್ಯಾರ್ಥಿನಿಲಯವಿದೆ. ಇವುಗಳಿಗೆ ವಾರವಾರ ಬೇಕಾಗುವ ಸೊಪ್ಪು ತರಕಾರಿಯ ಒಂದು ಪಾಲನ್ನಾದರೂ ಬೆಳೆಗಾರರ ಸಾಲಿನಿಂದ ಕೊಂಡರೆ, ಮುಂದಿನ ವಾರ ಎಷ್ಟು ಕೊಯ್ಯಬೇಕೆಂಬುದು ರೈತರಿಗೆ ತಿಳಿಯುತ್ತದೆ. ದೂರದ ಬ್ರೆಜಿಲ್ ದೇಶದಲ್ಲಿ 2009ರ ಕಾನೂನೊಂದು ಶಾಲಾ ಊಟಕ್ಕಾಗಿ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚುಮಾಡಬೇಕೆಂದು ವಿಧಿಸಿತು. ನಮಗೆ ಅಷ್ಟು ದೊಡ್ಡ ಕಾನೂನೇನೂ ಬೇಕಿಲ್ಲ. ಮುಖ್ಯೋಪಾಧ್ಯಾಯರು, ಅಡುಗೆಯವರು, ಶಾಲಾಭಿವೃದ್ಧಿ ಸಮಿತಿಯವರು ಒಂದು ಸಂಜೆ ಕೂತು ಮಾತಾಡಿದರೆ ಸಾಕು. ನಮ್ಮ ಹೊಲದ ನುಗ್ಗೆಸೊಪ್ಪು ನಮ್ಮ ಮಕ್ಕಳ ಸಾರಿಗೆ ಬಿದ್ದರೆ ಅದಕ್ಕಿಂತ ಬೇರೆ ಪೌಷ್ಟಿಕ ಯೋಜನೆ ಯಾವುದು?

ಈಗ ಮಳಿಗೆಯ ವಿಷಯಕ್ಕೆ ಬರುತ್ತೇನೆ. ಮಳಿಗೆಗೆ ಠೇವಣಿ ಬೇಕು, ತಿಂಗಳ ಬಾಡಿಗೆ ಬೇಕು. ವಾರಕ್ಕೊಮ್ಮೆ ಒಂದು ಮಂಕರಿ ತರುವವರು ಅದನ್ನು ಕೊಡಲಾರರು. ಆದ್ದರಿಂದ ಅಲ್ಲಿ ಬರುವುದು ಮೊಬೈಲ್ ಅಂಗಡಿ, ಬೇಕರಿ, ಬಟ್ಟೆ ಅಂಗಡಿ. ಬರಲಿ, ಊರಿಗೆ ಅವೂ ಬೇಕು. ಆದರೆ ಅವು ರಸ್ತೆಯ ಬದಿಯನ್ನು ಹಿಡಿದುಕೊಂಡ ಮೇಲೆ ಸಂತೆ ಅವುಗಳ ಬೆನ್ನಿಗೆ ಬೀಳುತ್ತದೆ. ಹಾದಿಹೋಕರ ಕಣ್ಣಿಗೆ ಬೀಳದ ಸಂತೆಗೆ ಗಿರಾಕಿ ಎಲ್ಲಿಂದ ಬರಬೇಕು? 2018-19ರ ಕೇಂದ್ರ ಮುಂಗಡಪತ್ರದಲ್ಲಿ ದೇಶದ 22,000 ಗ್ರಾಮೀಣ ಸಂತೆಗಳನ್ನು ಗ್ರಾಮೀಣ ಕೃಷಿ ಮಾರುಕಟ್ಟೆಗಳಾಗಿ ಬೆಳೆಸುವ, ಅವುಗಳಿಗೂ 585 ದೊಡ್ಡ ಮಾರುಕಟ್ಟೆಗಳಿಗೂ ಸೇರಿ 2,000 ಕೋಟಿ ರೂಪಾಯಿಯ ನಿಧಿಯಿಡುವ ಮಾತು ಬಂದಿತ್ತು. ಸಣ್ಣ ರೈತರು ದೊಡ್ಡ ಮಾರುಕಟ್ಟೆಯವರೆಗೆ ಹೋಗಲಾರರೆಂಬುದೇ ಅದಕ್ಕೆ ಕೊಟ್ಟ ಕಾರಣ. ಅಂದರೆ ಸಂತೆಯೆಂಬುದು ಖಾಲಿ ಜಾಗವಲ್ಲ, ಅದೊಂದು ಸಂಸ್ಥೆ ಎಂಬುದನ್ನು ದೆಹಲಿಯೂ ಒಪ್ಪಿಕೊಂಡಂತಾಯಿತು. ವಾರದಲ್ಲಿ ಆರು ದಿನ ಬರಿದಾಗಿ ಕಾಣುವ ನೆಲವೆಂದು ಅದನ್ನು ಪಾಳು ಎಣಿಸುವುದು, ರಜೆಯಲ್ಲಿ ಬಾಗಿಲು ಹಾಕಿದ ಶಾಲೆಯನ್ನು ಕಂಡು ಇದು ಯಾರಿಗೂ ಬೇಡದ ಕಟ್ಟಡ ಎಂದಂತೆ. ಮಳಿಗೆಗಳು ಬೇಕೇ ಬೇಕೆನ್ನುವುದಾದರೆ ಸಂತೆಯ ನೆಲವನ್ನು ಬಿಟ್ಟು ಬೇರೆ ಜಾಗ ನೋಡಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಕಡೆಯದಾಗಿ, ಕೊಳ್ಳುವವರಾದ ನಮ್ಮ ಕರ್ತವ್ಯ. ಮಾಲಿನಲ್ಲಿ ಹೇಳಿದ ಬೆಲೆಗೆ ಮರುಮಾತಿಲ್ಲದೆ ಕಾರ್ಡು ತೆಗೆಯುವ ನಾವು ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುತ್ತೇವೆ. ಮೇಲೆ ಕೊತ್ತಂಬರಿಯನ್ನು ಕೊಸರು ಕೇಳುತ್ತೇವೆ. ಚೌಕಾಸಿ ಸಂತೆಯ ಸೊಗಸು, ಅದು ಪೂರ್ತಿ ಬೇಡವೆನ್ನಲಾರೆ. ಆದರೆ ಎದುರಿಗಿರುವವರು ಬೆಳೆದವರೆಂದು ತಿಳಿದಾಗ ಸ್ವಲ್ಪ ಹಿಡಿತವಿರಲಿ. ಕಾಯಿ ಡೊಂಕಾಗಿದೆ, ಎಲೆಯಲ್ಲಿ ಹುಳು ತಿಂದ ತೂತಿದೆ ಎಂದು ಪಕ್ಕಕ್ಕಿಡುವ ಮುನ್ನ ಆ ತೂತು ಏನನ್ನು ಹೇಳುತ್ತಿದೆಯೆಂದು ಯೋಚಿಸಿ. ಮನೆಯಿಂದ ಬಟ್ಟೆಯ ಚೀಲ ಒಯ್ಯಿರಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದದ್ದು 2016ರಲ್ಲಿ. ಸಂತೆಯ ಚರಂಡಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಪಂಚಾಯಿತಿಯ ಸದಸ್ಯರಾಗಿದ್ದೀರಿ, ಕೆಲವರು ಇಲಾಖೆಗಳಲ್ಲಿದ್ದೀರಿ, ಕೆಲವರು ಊರಲ್ಲೇ ಬೇಸಾಯ ಹಿಡಿದಿದ್ದೀರಿ, ಹಲವರು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿ ಹಬ್ಬಕ್ಕೆ ಬರುತ್ತೀರಿ. ದೂರದಲ್ಲಿರುವವರು ಊರಿಗೆ ಏನಾದರೂ ಮಾಡಬೇಕೆಂದು ಆಗಾಗ ನನಗೆ ಬರೆಯುತ್ತೀರಿ. ದೇವಸ್ಥಾನದ ಗೋಪುರಕ್ಕೆ, ಶಾಲೆಯ ರಂಗಮಂದಿರಕ್ಕೆ ನೀವು ಉದಾರವಾಗಿ ಕೊಟ್ಟಿದ್ದೀರಿ, ಸಂತೋಷ. ಈ ಸಲ ಎರಡು ಶೌಚಾಲಯ, ಒಂದು ನೀರಿನ ತೊಟ್ಟಿ, ಇಪ್ಪತ್ತು ಹೊಂಗೆಯ ಸಸಿಗಳಿಗೆ ಬೇಲಿ ಎಂದು ಯೋಚಿಸಿ ನೋಡಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಅಲ್ಲಿ ಜಾಗ ಕಡಿಮೆ ಇರಬಹುದು, ಪುಣ್ಯಕ್ಕೆ ಕಡಿಮೆಯಿಲ್ಲ.

ಊರಿನಲ್ಲಿರುವವರಿಗೆ ನನ್ನ ವಿನಂತಿ ಇನ್ನೂ ಸರಳವಾದದ್ದು. ಮಳಿಗೆಯ ವಿಷಯ ಮುಂದಿನ ಗ್ರಾಮಸಭೆಯಲ್ಲಿ ಚರ್ಚೆಗೆ ಬರಲಿದೆ. ಅಲ್ಲಿಗೆ ಬನ್ನಿ. ಬರುವಾಗ ಸೊಪ್ಪು ಮಾರುವ ನಿಮ್ಮ ತಾಯಂದಿರನ್ನೂ ಅತ್ತಿಗೆಯರನ್ನೂ ಕರೆದುಕೊಂಡು ಬನ್ನಿ. ಅವರ ಪರವಾಗಿ ನಾನು ಮಾತಾಡುವುದಕ್ಕಿಂತ ಅವರೇ ಎದ್ದುನಿಂತು "ನಮಗೆ ಕೂರಲು ಜಾಗ ಕೊಡಿ" ಎನ್ನುವುದು ಹೆಚ್ಚು ಬೆಲೆಯುಳ್ಳದ್ದು. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಆಗಬಾರದು. ಅಡಿಗಲ್ಲು ಬಿದ್ದ ಮೇಲೆ ಆಡುವ ಮಾತಿಗೆ ಬೆಲೆಯಿಲ್ಲ. ಆಡಬೇಕಾದ ಹೊತ್ತು ಇದೇ.